ಖಾಲಿ ಹೊಟ್ಟೆಯ ರಕ್ತ

ಸ್ಯಾನ್ ಡಿಯಾಗೋದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ನಾನು ಆಗಾಗ ರಕ್ತದ ಟ್ಯೂಬುಗಳನ್ನು ಕಾರಿನಲ್ಲಿಟ್ಟುಕೊಂಡು ಎರಡು ಗಂಟೆ ಸುಮ್ಮನೆ ಸುತ್ತಿ ಬರುತ್ತಿದ್ದೆ. ಓಷನ್‌ಸೈಡ್ ದಾಟಿ ಸ್ವಲ್ಪ ದೂರ ಉತ್ತರಕ್ಕೆ ಹೋಗುವುದು, ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾಫಿ ಕುಡಿಯುವುದು, ಬಂದ ದಾರಿಯಲ್ಲೇ ವಾಪಸ್ಸಾಗುವುದು. ಲ್ಯಾಬಿನಲ್ಲಿ ಇದಕ್ಕೆ ‘ಟ್ಯೂಬುಗಳ ಪಿಕ್ನಿಕ್’ ಎಂದು ಹೆಸರಿಟ್ಟಿದ್ದರು. ನನಗೇನೂ ಬೇಸರವಿರಲಿಲ್ಲ. ನನ್ನ ಅರ್ಧ ಟ್ಯೂಬುಗಳು ಲಾಸ್ ಏಂಜಲಿಸ್ ಕಡೆಯಿಂದ ಎರಡು ಗಂಟೆ ಕಾರಿನಲ್ಲಿ ಕುಲುಕಿಕೊಂಡು ಬರುತ್ತಿದ್ದವು. ಉಳಿದರ್ಧ ಲ್ಯಾಬಿನಿಂದ ಐದು ನಿಮಿಷ ದೂರದ ಕ್ಲಿನಿಕ್ಕಿನಿಂದ ಬರುತ್ತಿದ್ದವು. ಒಂದರ ಜೊತೆ ಇನ್ನೊಂದನ್ನು ಹೋಲಿಸಬೇಕಾದರೆ ಎರಡೂ ಒಂದೇ ಸಮ ಕುಲುಕಿರಬೇಕು ಎನ್ನುವುದು ನನ್ನ ಲೆಕ್ಕ.

ನಾನು ರಕ್ತದಲ್ಲಿ ಹುಡುಕುತ್ತಿದ್ದದ್ದು ಆಲ್‌ಝೈಮರ್ಸ್ ಕಾಯಿಲೆಯ ಗುರುತನ್ನು. ೨೦೧೨ರ ಹೊತ್ತಿನಲ್ಲಿ ಒಬ್ಬರ ಮರೆವು ಇದೇ ಕಾಯಿಲೆಯದು ಎಂದು ವಿಶ್ವಾಸದಿಂದ ಹೇಳಲು ದುಬಾರಿ ಸ್ಕ್ಯಾನ್ ಮಾಡಿಸಬೇಕಿತ್ತು, ಇಲ್ಲವೇ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಸಬೇಕಿತ್ತು. ಎಪ್ಪತ್ತೈದು ದಾಟಿದವರಿಗೆ ಎರಡೂ ಕಷ್ಟ. ತೋಳಿನಿಂದ ಒಂದು ಟ್ಯೂಬ್ ರಕ್ತ ತೆಗೆದು ಹೇಳುವಂತಿದ್ದರೆ ಎಂಬ ಆಸೆ ಆ ಕ್ಷೇತ್ರದಲ್ಲಿದ್ದ ಎಲ್ಲರಿಗೂ ಇತ್ತು. ನಾನು ಹಿಡಿದ ದಾರಿ ಜೀನ್‌ಗಳದ್ದು. ನಮ್ಮ ಒಂದೊಂದು ಜೀವಕೋಶದಲ್ಲೂ ಇರುವ ಜೀನ್‌ಗಳು ಹೆಚ್ಚುಕಡಿಮೆ ಅವೇ. ಆದರೆ ಯಾವ ಜೀನ್ ಈಗ ಎಷ್ಟು ಕೆಲಸ ಮಾಡುತ್ತಿದೆ ಎನ್ನುವುದು ಗಂಟೆಗಂಟೆಗೆ ಬದಲಾಗುತ್ತದೆ. ಕೆಲಸ ಮಾಡುತ್ತಿರುವ ಜೀನ್ ತನ್ನ ಪ್ರತಿಗಳನ್ನು ಮಾಡಿ ಕಳಿಸುತ್ತಿರುತ್ತದೆ. ಆ ಪ್ರತಿಗಳನ್ನು ಆರ್‌ಎನ್‌ಎ ಎನ್ನುತ್ತೇವೆ. ರಕ್ತದಿಂದ ಅವನ್ನು ಬೇರೆ ಮಾಡಿ ಅಳೆದರೆ ಯಾವ ಜೀನ್ ಚುರುಕಾಗಿದೆ, ಯಾವುದು ಮಂಕಾಗಿದೆ ಎಂದು ತಿಳಿಯುತ್ತದೆ. ಕಾಯಿಲೆಯವರಿಗೂ ಆರೋಗ್ಯವಾಗಿರುವವರಿಗೂ ಇದರಲ್ಲಿ ನಂಬಬಹುದಾದ ವ್ಯತ್ಯಾಸ ಸಿಕ್ಕಿದರೆ ನನ್ನ ಥೀಸಿಸ್ ಗಟ್ಟಿಯಾಗಿ ನಿಲ್ಲುತ್ತದೆ. ಸಿಗದಿದ್ದರೆ ಮೂರು ವರ್ಷದ ಕೆಲಸಕ್ಕೆ ತೋರಿಸಲು ಏನೂ ಇರುವುದಿಲ್ಲ.

ಭಾರತೀಯ ಮೂಲದ ಹಿರಿಯರು ಇಂಥ ಅಧ್ಯಯನಗಳಲ್ಲಿ ಹೆಸರಿಗೂ ಇರುವುದಿಲ್ಲ ಎಂದು ನಮ್ಮ ಪ್ರೊಫೆಸರಿಗೆ ಒಂದು ದಿನ ಹೇಳಿದ್ದೆ. ಅವರು ಅರವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. “ಹಾಗಾದರೆ ನೀನೇ ಕರೆದು ತಾ,” ಎಂದರು. ಕಾಯಿಲೆಯವರು ಸ್ಯಾನ್ ಡಿಯಾಗೋದ ಕ್ಲಿನಿಕ್ಕಿನಲ್ಲಿ ಒಬ್ಬೊಬ್ಬರಾಗಿ ಸಿಕ್ಕಿದರು. ಮಕ್ಕಳು ಬೆಳಿಗ್ಗೆ ರಜೆ ಹಾಕಿ ಕರೆದುಕೊಂಡು ಬರುತ್ತಿದ್ದರು. ಆರೋಗ್ಯವಂತ ಹಿರಿಯರನ್ನು ಒಟ್ಟು ಮಾಡುವುದೇ ಹೆಚ್ಚು ಕಷ್ಟದ ಕೆಲಸ. ಏನೂ ಆಗದವರು ಸೂಜಿ ಚುಚ್ಚಿಸಿಕೊಳ್ಳಲು ಯಾಕೆ ಬರುತ್ತಾರೆ?

ಆಗ ನೆನಪಾದವರು ಲಾಸ್ ಏಂಜಲಿಸ್ ಹತ್ತಿರದ ವಾಲ್‌ನಟ್‌ನಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ಆಂಟಿ. ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಓದುವಾಗ ಯಾರದೋ ಮನೆಯ ಈದ್ ಊಟದಲ್ಲಿ ಪರಿಚಯವಾಗಿತ್ತು. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಸುತ್ತಮುತ್ತಲಿನ ಊರುಗಳ ಕನ್ನಡದ ಅಜ್ಜ ಅಜ್ಜಿಯರ ಫೋನ್ ನಂಬರೆಲ್ಲ ಅವರ ಹತ್ತಿರ ಇತ್ತು. ವಿಷಯ ಹೇಳಿದೆ.

“ಎಷ್ಟು ಜನ ಬೇಕು?”

“ಮೂವತ್ತು ಸಿಕ್ಕಿದರೆ ಸಾಕು ಆಂಟಿ.”

“ಮೂವತ್ತು ತಾನೇ? ನಾನು ಅರುವತ್ತು ಹುಡುಗೀರನ್ನ ಒಂದೇ ಬಸ್ಸಲ್ಲಿ ಹಳೇಬೀಡು ತೋರಿಸ್ಕೊಂಡು ಬಂದೋಳು. ನೀನು ಸೂಜಿ ತಗೊಂಡು ಬಾ.”

ಮನೆಯಲ್ಲೇ ರಕ್ತ ತೆಗೆಯಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯಿಂದ ಅನುಮತಿ ಪಡೆದೆ. ಹಲವು ಶನಿವಾರ ಬೆಳಿಗ್ಗೆ ನರ್ಸ್ ಒಬ್ಬರನ್ನು ಕರೆದುಕೊಂಡು ವಾಲ್‌ನಟ್‌ಗೆ ಡ್ರೈವ್ ಮಾಡಿದೆ. ಆಂಟಿಯ ಫ್ಯಾಮಿಲಿ ರೂಮಿನಲ್ಲಿ ಹಿರಿಯರು ಸ್ವೆಟರಿನ ತೋಳು ಮಡಿಸಿಕೊಂಡು ಸಾಲಾಗಿ ಕೂತಿರುತ್ತಿದ್ದರು. ನರ್ಸ್ ರಕ್ತ ತೆಗೆಯುತ್ತಿದ್ದಂತೆ ನಾನು ಪ್ರತಿ ಟ್ಯೂಬನ್ನೂ ಹತ್ತು ಸಲ ನಿಧಾನವಾಗಿ ಮೇಲೆ ಕೆಳಗೆ ಮಾಡುತ್ತಿದ್ದೆ. ಒಳಗಿನ ದ್ರಾವಣ ರಕ್ತದೊಂದಿಗೆ ಸರಿಯಾಗಿ ಬೆರೆತರೆ ಮಾತ್ರ ಜೀನ್‌ಗಳ ಆ ಹೊತ್ತಿನ ಸ್ಥಿತಿ ಹಾಗೇ ಉಳಿಯುತ್ತದೆ. ಆಮೇಲೆ ಫಾರ್ಮ್ ತುಂಬಿಸಿಕೊಳ್ಳುವುದು. ವಯಸ್ಸು, ತೆಗೆದುಕೊಳ್ಳುವ ಮಾತ್ರೆಗಳು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಕೊನೆಯ ಸಲ ನೆಗಡಿ ಆಗಿದ್ದು ಯಾವಾಗ, ಫ್ಲೂ ಲಸಿಕೆ ಹಾಕಿಸಿಕೊಂಡಿದ್ದು ಯಾವಾಗ. ಆ ಫಾರ್ಮನ್ನು ನಾನೇ ಬರೆದಿದ್ದೆ. ಅದರ ಬಗ್ಗೆ ನನಗೆ ಅಭಿಮಾನವಿತ್ತು.

ಧಾರವಾಡದ ಕಡೆಯ ಒಬ್ಬ ಅಂಕಲ್ ಯಾವಾಗಲೂ ಸಾಲು ತಪ್ಪಿಸಿ ಮುಂದೆ ಬರುತ್ತಿದ್ದರು. “ತಂಗಿ, ಮೊದಲ ನಂದ ತಗೀಲಿಕ್ಕೆ ಹೇಳವಾ. ಈ ಬೆಂಗಳೂರಿನವರು ಮಾತಾಡಿಕೋತ ಕುಂದರ್ಲಿ.” ಅವಸರದ ಸ್ವಭಾವ ಎಂದುಕೊಂಡಿದ್ದೆ. ರಕ್ತ ಕೊಟ್ಟವರೆಲ್ಲ ನೆಟ್ಟಗೆ ಊಟದ ಮೇಜಿಗೆ ಹೋಗುತ್ತಿದ್ದರು. ಅಲ್ಲಿ ಆಂಟಿ ಮಾಡಿದ ಇಡ್ಲಿ, ಉಪ್ಪಿಟ್ಟು, ಶ್ಯಾವಿಗೆ ಇರುತ್ತಿದ್ದವು. ನನಗೂ ನರ್ಸಿಗೂ ತಟ್ಟೆ ಬರುತ್ತಿತ್ತು. ತಿಂದು ಕೈತೊಳೆದು, ಟ್ಯೂಬುಗಳ ಥರ್ಮೋಕೋಲ್ ಪೆಟ್ಟಿಗೆಗೆ ಸೀಟ್ ಬೆಲ್ಟ್ ಹಾಕಿ, ೫೭ನೇ ನಂಬರಿನ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು ಸ್ಯಾನ್ ಡಿಯಾಗೋಗೆ ಹೋಗುವ ೫ನೇ ಹೆದ್ದಾರಿ ಹಿಡಿಯುತ್ತಿದ್ದೆ.

ಫಲಿತಾಂಶ ಬಂದಾಗ ನಾನು ಅದನ್ನು ಯಾರಿಗೂ ತೋರಿಸದೆ ಎರಡು ದಿನ ಇಟ್ಟುಕೊಂಡೆ. ಅಷ್ಟು ಸ್ಪಷ್ಟವಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ, ಒಬ್ಬ ರೋಗಿಯನ್ನು ಬಿಟ್ಟರೆ, ಕಾಯಿಲೆಯವರು ಒಂದು ಕಡೆ, ಆರೋಗ್ಯವಂತರು ಇನ್ನೊಂದು ಕಡೆ ಬೇರೆ ಬೇರೆ ಗುಂಪಾಗಿ ನಿಂತಿದ್ದರು. ನಡುವೆ ಖಾಲಿ ಜಾಗ. ವ್ಯತ್ಯಾಸದ ಪಟ್ಟಿಯ ಮೇಲ್ತುದಿಯಲ್ಲಿದ್ದವು ದೇಹದ ಕೊಬ್ಬನ್ನು ಉರಿಸಿ ಶಕ್ತಿ ಮಾಡುವ ಕೆಲಸದ ಜೀನ್‌ಗಳು. ಆರೋಗ್ಯವಂತರಲ್ಲಿ ಅವು ಚುರುಕಾಗಿದ್ದವು, ಕಾಯಿಲೆಯವರಲ್ಲಿ ಮಂಕಾಗಿದ್ದವು. ಈ ಕಾಯಿಲೆಯಲ್ಲಿ ಮಿದುಳು ಶಕ್ತಿಯನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಅದರ ನೆರಳು ರಕ್ತದಲ್ಲೂ ಬಿದ್ದಿದೆ ಎಂದರೆ ಯಾರು ಬೇಕಾದರೂ ಒಪ್ಪುವಂಥ ವಿವರಣೆ.

ಪ್ರೊಫೆಸರ್ ಪಟ್ಟಿಯನ್ನು ಎರಡು ಸಲ ಓದಿದರು. “ಚೆನ್ನಾಗಿದೆ. ಇಷ್ಟು ಚೆನ್ನಾಗಿದೆ ಎಂದರೆ ನೀನು ಇನ್ನೊಂದು ಸಲ ಅಳೆಯಬೇಕು.”

ಅದೇ ಟ್ಯೂಬುಗಳಲ್ಲಿ ಉಳಿದಿದ್ದನ್ನು ಇನ್ನೊಂದು ಸಲ ಅಳೆದೆ. ಅದೇ ಉತ್ತರ ಬಂತು. ಕಾರಿನಲ್ಲಿದ್ದ ಸಮಯ, ವಯಸ್ಸು, ಗಂಡು ಹೆಣ್ಣು, ಮಾತ್ರೆ, ನಿದ್ದೆ, ಎಲ್ಲವನ್ನೂ ಸರಿದೂಗಿಸಿ ನೋಡಿದೆ. ಗುಂಪುಗಳು ಅಲ್ಲಾಡಲಿಲ್ಲ. ಒಂದು ಸಮ್ಮೇಳನದಲ್ಲಿ ಇದರ ಬಗ್ಗೆ ಮಾತಾಡಲು ಅಪ್ಲೈ ಮಾಡಿದೆವು, ಒಪ್ಪಿದರು. ಥೀಸಿಸ್‌ನ ಶೀರ್ಷಿಕೆಯಲ್ಲಿ ‘ರೋಗಪತ್ತೆ’ ಎಂಬ ಪದ ಸೇರಿಸಿದೆ.

ಸಮ್ಮೇಳನಕ್ಕೆ ಮೂರು ವಾರ ಇರುವಾಗ ಒಂದು ಮಧ್ಯಾಹ್ನ ಆಂಟಿಯ ಫೋನ್ ಬಂತು. ನಾನು ಲ್ಯಾಬಿನ ಹೊರಗೆ ನೀಲಗಿರಿ ಮರಗಳ ಕೆಳಗಿನ ಬೆಂಚಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ.

“ನಮ್ಮ ಭಾವ ಬಂದಿದಾರೆ ಗ್ಲೆಂಡೇಲ್‌ನಿಂದ. ಎಂಬತ್ತಾಯ್ತು, ಗಟ್ಟಿಮುಟ್ಟಾಗಿದಾರೆ. ಎಲ್ಲರೂ ರಕ್ತ ಕೊಟ್ಟಿದಾರೆ, ನಂದೂ ಇರಲಿ ಅಂತಾರೆ. ಈ ಶನಿವಾರ ಬರ್ತೀಯಾ? ರಾತ್ರಿ ಎಂಟರ ಮೇಲೆ ಏನೂ ಬಾಯಿಗೆ ಹಾಕ್ಕೋಬೇಡಿ ಅಂತ ಆಗಲೇ ಹೇಳಿಟ್ಟಿದೀನಿ.”

“ಯಾಕೆ ಆಂಟಿ?”

“ಯಾಕೆ ಅಂದ್ರೆ? ಬ್ಲಡ್ ಟೆಸ್ಟ್ ಅಲ್ವೇನೇ?”

ನಾನು ಚಮಚ ಕೆಳಗಿಟ್ಟೆ. “ಉಳಿದವರಿಗೂ ಹಾಗೇ ಹೇಳಿದ್ರಾ?”

“ಒಬ್ಬೊಬ್ಬರಿಗೂ ಶುಕ್ರವಾರ ಸಾಯಂಕಾಲ ಫೋನ್ ಮಾಡಿ ಹೇಳ್ತಿದ್ದೆ. ನೀರು ಬಿಟ್ಟು ಏನೂ ಮುಟ್ಟಬೇಡಿ, ಕಾಫಿ ಕೂಡ ಇಲ್ಲ ಅಂತ. ಹೇಳೋದೇ ಬೇಕಿರಲಿಲ್ಲ, ಅವರಿಗೆಲ್ಲ ಗೊತ್ತು. ನಾವೇನು ಉಪವಾಸಕ್ಕೆ ಹೊಸಬರಾ? ಅವರದ್ದು ಏಕಾದಶಿ, ನಮ್ಮದು ರೋಜಾ.” ಆಮೇಲೆ ದನಿ ತಗ್ಗಿಸಿದರು. “ಯಾಕೆ ಪುಟ್ಟಿ, ಏನಾಯ್ತು?”

ಶನಿವಾರದ ಬಗ್ಗೆ ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಆದದ್ದು ಇಷ್ಟು. ನಮ್ಮ ಅಧ್ಯಯನಕ್ಕೆ ಖಾಲಿ ಹೊಟ್ಟೆ ಬೇಕಿರಲಿಲ್ಲ. ಹಾಗಾಗಿ ಯಾರೂ ಅದನ್ನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕ್ಲಿನಿಕ್ಕಿಗೆ ಬರುತ್ತಿದ್ದ ಕಾಯಿಲೆಯವರಿಗೆ ಮನೆಯಲ್ಲಿ ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟು, ಆಮೇಲೆ ಕಾರು ಹತ್ತಿಸುತ್ತಿದ್ದರು. ವಾಲ್‌ನಟ್‌ನವರು ಹನ್ನೆರಡು ಗಂಟೆ ಉಪವಾಸವಿದ್ದು ತೋಳು ಚಾಚುತ್ತಿದ್ದರು. ಹಸಿದ ದೇಹ ಕೂಡಿಟ್ಟ ಕೊಬ್ಬನ್ನು ಉರಿಸಲು ಶುರುಮಾಡುತ್ತದೆ, ಆ ಕೆಲಸದ ಜೀನ್‌ಗಳು ರಕ್ತದಲ್ಲೇ ಎದ್ದು ಕಾಣುತ್ತವೆ. ಮರೆವಿನ ಸಂಶೋಧಕಿಯಾದ ನಾನು ನೋಡದಿದ್ದ ಈ ಸಂಗತಿ ಆಹಾರದ ಬಗ್ಗೆ ಸಂಶೋಧನೆ ಮಾಡುವವರಿಗೆ ಮೊದಲೇ ಗೊತ್ತಿತ್ತು. ಅದೇ ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಅವರ ಪಟ್ಟಿಯನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟೆ. ಮೇಲಿನ ಸಾಲುಗಳು ಒಂದೇ ಆಗಿದ್ದವು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ನಾನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆಯಲ್ಲಿ ರಕ್ತ ಪರೀಕ್ಷೆಯ ದಿನ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕಾಫಿಯ ವಾಸನೆ ತಪ್ಪಿಸಿಕೊಳ್ಳುತ್ತಿದ್ದರು. ಆ ಹಿರಿಯರು ಹಸಿದು ಬರುತ್ತಾರೆ ಎಂದು ಇಡೀ ಲ್ಯಾಬಿನಲ್ಲಿ ಗೊತ್ತಿರಬೇಕಾದವಳು ನಾನೊಬ್ಬಳೇ. ಅವರು ಇಡ್ಲಿಯ ಮೇಲೆ ಬೀಳುವುದನ್ನು ನೋಡುತ್ತ ಅವರ ಪಕ್ಕದಲ್ಲೇ ಕೂತು ಇಡ್ಲಿ ತಿಂದಿದ್ದೆ. ನಿದ್ದೆಗೆ, ನೆಗಡಿಗೆ, ಲಸಿಕೆಗೆ ಕಲಂ ಮಾಡಿದ್ದವಳು ಊಟಕ್ಕೆ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಪಟ್ಟಿ ಹಿಡಿದು ಪ್ರೊಫೆಸರ್ ಕೋಣೆಗೆ ಹೋದೆ.

“ಎಷ್ಟು ಜನ ಉಪವಾಸವಿದ್ದರು?”

“ಎಲ್ಲರೂ.”

“ಖಚಿತವಾಗಿ ಗೊತ್ತಾ? ಒಬ್ಬರಾದರೂ ಕದ್ದು ಬಿಸ್ಕೆಟ್ ತಿಂದಿರಬಹುದು.”

“ಅವರಿಗೆ ಹೇಳಿದವರು ಮೂವತ್ತು ವರ್ಷ ಟೀಚರ್ ಆಗಿದ್ದವರು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. “ಅಭಿನಂದನೆ. ನೀನು ಹಸಿವಿಗೆ ಬಹಳ ಒಳ್ಳೆಯ ರಕ್ತ ಪರೀಕ್ಷೆ ಕಂಡುಹಿಡಿದಿದ್ದೀಯ.” ಆಮೇಲೆ ನಗು ನಿಲ್ಲಿಸಿದರು. “ಸಮ್ಮೇಳನದವರಿಗೆ ನಾನು ಬರೆಯುತ್ತೇನೆ. ನೀನು ಮುಂದೆ ಏನು ಮಾಡಬೇಕು ಅಂತಿದ್ದೀಯ?”

ಉತ್ತರ ನನ್ನ ಹತ್ತಿರ ಇತ್ತು. ಹಿಂದಿನ ದಿನ ಲೈಬ್ರರಿಯಿಂದ ಮನೆಗೆ ಹೋಗುವ ದಾರಿಯಲ್ಲೇ ಯೋಚಿಸಿಟ್ಟಿದ್ದೆ. ಆರೋಗ್ಯವಂತ ಹಿರಿಯರ ರಕ್ತವನ್ನು ಒಂದೇ ಬೆಳಿಗ್ಗೆ ಎರಡು ಸಲ ತೆಗೆಯುವುದು. ಒಂದು ಸಲ ಖಾಲಿ ಹೊಟ್ಟೆಯಲ್ಲಿ, ಇನ್ನೊಂದು ಸಲ ಅಳೆದು ಕೊಟ್ಟ ತಿಂಡಿ ತಿಂದು ಎರಡೂವರೆ ಗಂಟೆ ಆದಮೇಲೆ. ಎರಡರ ನಡುವೆ ಯಾವ ಜೀನ್ ಬದಲಾಗುತ್ತದೋ ಅದು ಹಸಿವಿನದು, ಪಟ್ಟಿಯಿಂದ ಹೊರಗೆ. ತಿಂಡಿ ತಿಂದ ಆರೋಗ್ಯವಂತರಿಗೂ ತಿಂಡಿ ತಿಂದ ಕಾಯಿಲೆಯವರಿಗೂ ನಡುವೆ ಏನಾದರೂ ಉಳಿದರೆ ಅದು ಕಾಯಿಲೆಯದಿರಬಹುದು. ಹಳೆಯದು ಹೊಸದು ಎರಡನ್ನೂ ಒಟ್ಟಿಗೆ, ಒಂದೇ ಯಂತ್ರದಲ್ಲಿ ಮತ್ತೆ ಅಳೆಯಬೇಕು.

“ಏನೂ ಉಳಿಯದೆ ಹೋದರೆ?”

“ಉಳಿಯಲಿಲ್ಲ ಎಂದು ಬರೆಯುತ್ತೇನೆ.”

“ಸರಿ,” ಎಂದರು.

ಆಂಟಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ವಾಲ್‌ನಟ್‌ಗೇ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಮೇಜಿನ ಬಟ್ಟೆಯ ಅಂಚು ಸರಿಮಾಡುತ್ತ ಕೂತರು.

“ಅಂದ್ರೆ ನಾನು ನಿನ್ನ ಮೂರು ವರ್ಷ ಹಾಳು ಮಾಡಿದೆ.”

“ನೀವಲ್ಲ ಆಂಟಿ. ಫಾರ್ಮಿನಲ್ಲಿ ಕೇಳಬೇಕಾಗಿತ್ತು. ಫಾರ್ಮ್ ನನ್ನದು.”

“ನಾನು ಬಯಾಲಜಿ ಟೀಚರ್. ಯಾವ ಟೆಸ್ಟು, ಏನು, ಎತ್ತ ಅಂತ ಕೇಳೋದು ಬಿಟ್ಟು...”

“ನೀವು ಹಾಗೆ ಹೇಳದೇ ಇದ್ದಿದ್ದರೆ ಅರ್ಧ ಜನ ತಿಂದು, ಅರ್ಧ ಜನ ತಿನ್ನದೆ ಬಂದಿರೋರು. ಆಗ ಈ ತಪ್ಪು ಯಾವತ್ತೂ ಸಿಗ್ತಿರಲಿಲ್ಲ. ಎಲ್ಲರೂ ಒಂದೇ ಥರ ಇದ್ದದ್ದಕ್ಕೇ ಸಿಕ್ಕಿದ್ದು.”

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ನಿಜ. ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಫೋನ್ ನಂಬರಿನ ಡೈರಿ ತಂದರು. “ಅಳೆದು ಕೊಡೋ ತಿಂಡಿ ಅಂದೆಯಲ್ಲ. ಎಷ್ಟು ಗ್ರಾಮು?”

ಅನುಮತಿ ಹೊಸದಾಗಿ ಬರಲು ಕೆಲವು ವಾರ ಹಿಡಿಯಿತು. ಒಬ್ಬೊಬ್ಬರಿಗೆ ಎರಡು ಇಡ್ಲಿ, ಒಂದು ಚಮಚ ಚಟ್ನಿ, ಅರ್ಧ ಲೋಟ ಹಾಲು ಎಂದು ಗೊತ್ತುಮಾಡಿದೆವು. ಇಡ್ಲಿಗಳನ್ನು ನಾನು ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಧಾರವಾಡದ ಅಂಕಲ್ ತಟ್ಟೆ ನೋಡಿ ತಲೆಯೆತ್ತಿದರು.

“ಇದೇನವಾ, ನಾಷ್ಟಾನೋ, ಪ್ರಸಾದಾನೋ?”

“ಎರಡನೇ ಸಲ ರಕ್ತ ಕೊಟ್ಟಮೇಲೆ ಬೇಕಾದಷ್ಟು ತಿನ್ನಬಹುದು ಅಂಕಲ್.”

“ಎರಡ ಸಲ ರಕ್ತಾ, ಎರಡ ಇಡ್ಲಿ. ಲೆಕ್ಕ ಬರೋಬ್ಬರಿ ಐತಿ ಬಿಡು.”

ಈ ಸಲ ನಾನು ಅವರ ಪಕ್ಕದಲ್ಲಿ ಕೂತು ತಿನ್ನಲಿಲ್ಲ. ನಿಂತು ನೋಡಿದೆ. ಹಾಗಾಗಿಯೇ ಒಬ್ಬ ಅಜ್ಜಿ ಎರಡನೆಯ ಇಡ್ಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಕಾಣಿಸಿತು. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

“ತಿಂದು ರಕ್ತ ಕೊಟ್ರೆ ಸಕ್ಕರೆ ಜಾಸ್ತಿ ತೋರಿಸಲ್ವೇನಮ್ಮ? ರಿಪೋರ್ಟು ಸೊಸೆ ಕೈಗೆ ಸಿಕ್ಕಿದ್ರೆ ನಾಳೆಯಿಂದ ನನಗೆ ಅನ್ನ ಬಂದ್.”

“ನಾವು ಸಕ್ಕರೆ ನೋಡೋದೇ ಇಲ್ಲ ಅಜ್ಜಿ. ನಿಮ್ಮ ಹೆಸರಲ್ಲಿ ಯಾರ ಮನೆಗೂ ರಿಪೋರ್ಟು ಹೋಗಲ್ಲ.”

“ಆಣೆ ಮಾಡು.”

ಅವರು ಸಹಿ ಹಾಕಿದ್ದ ಒಪ್ಪಿಗೆ ಪತ್ರದಲ್ಲಿ ಇದನ್ನೇ ಹೇಳುವ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರಿಗೆ ಅದು ಸಾಲಲಿಲ್ಲ. ಆಂಟಿ ಬಂದು “ನಾನು ಆಣೆ ಮಾಡ್ತೀನಿ, ತಿನ್ನಿ,” ಎಂದಮೇಲೆ ಕರವಸ್ತ್ರ ಬಿಚ್ಚಿದರು. ನಾನು ಗಡಿಯಾರ ನೋಡಿ ಅವರ ಸಮಯವನ್ನು ಹತ್ತು ನಿಮಿಷ ಮುಂದಕ್ಕೆ ಬರೆದುಕೊಂಡೆ.

ಎರಡೂವರೆ ಗಂಟೆ ಅವರೆಲ್ಲ ಆ ರೂಮಿನಲ್ಲಿ ಕಾದರು. ಯಾರೂ ಗೊಣಗಲಿಲ್ಲ ಎಂದು ಹೇಳಲಾರೆ. ಇಸ್ಪೀಟು ಆಡಿದರು, ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದರ ಬಗ್ಗೆ ದೂರಿದರು. ಯಾರಾದರೂ ಬಾದಾಮಿ ತೆಗೆದರೆ ಆಂಟಿಯ ಕಣ್ಣಿಗೆ ಬೀಳುತ್ತಿತ್ತು. ಮೊದಲ ಸಲ ಬಂದವರಲ್ಲಿ ಇಬ್ಬರು ಊರಿಗೆ ಹೋಗಿದ್ದರು. ಉಳಿದವರೆಲ್ಲ ಬಂದಿದ್ದರು. ಗ್ಲೆಂಡೇಲ್‌ನ ಭಾವನೂ ಬಂದರು.

ಅತ್ತ ಕಾಯಿಲೆಯವರ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿ, ಕ್ಲಿನಿಕ್ಕಿಗೆ ಬಂದ ದಿನ ತಿಂಡಿ ಎಷ್ಟು ಹೊತ್ತಿಗೆ ಆಗಿತ್ತು ಎಂದು ಕೇಳಿದೆ. ಆ ಮಕ್ಕಳಿಗೆ ತಿಂಗಳುಗಳ ಹಿಂದಿನ ಒಂದು ಬೆಳಿಗ್ಗೆ ನೆನಪಿರಲು ಸಾಧ್ಯವಿರಲಿಲ್ಲ, ಆದರೆ ಮಾತ್ರೆಯ ವೇಳೆ ನೆನಪಿತ್ತು. ಮಾತ್ರೆ ಯಾವಾಗಲೂ ತಿಂಡಿಯ ಜೊತೆ. ಸಾಕಾಯಿತು. ಒಬ್ಬ ಮಗ ಮಾತ್ರ ಆ ದಿನ ಅಮ್ಮ ತಿಂಡಿ ಬೇಡವೆಂದು ಹಟ ಹಿಡಿದಿದ್ದರು ಎಂದ. ಅವರ ಟ್ಯೂಬನ್ನು ಲೆಕ್ಕದಿಂದ ತೆಗೆಯುವ ಮುಂಚೆ ಹಳೆಯ ಪಟದಲ್ಲಿ ಅವರು ಎಲ್ಲಿದ್ದಾರೆ ಎಂದು ನೋಡಿದೆ. ಆರೋಗ್ಯವಂತರ ಗುಂಪಿನ ನಟ್ಟನಡುವೆ ಇದ್ದರು. ಅಲ್ಲಿಗೆ ಮೊದಲ ಫಲಿತಾಂಶದ ಬಗ್ಗೆ ನನ್ನಲ್ಲಿ ಉಳಿದಿದ್ದ ಚೂರುಪಾರು ಆಸೆಯೂ ಮುಗಿಯಿತು.

ಹೊಸ ಅಳತೆಗಳು ಬಂದ ದಿನ ಪ್ರೊಫೆಸರ್ ನನ್ನ ಹಿಂದೆಯೇ ನಿಂತಿದ್ದರು. ಪರದೆಯ ಮೇಲೆ ಎರಡು ಗುಂಪುಗಳು ಕಲೆತುಹೋಗಿದ್ದವು. ಮೊದಲಿನ ಖಾಲಿ ಜಾಗ ಇರಲಿಲ್ಲ. ಕೊಬ್ಬು ಉರಿಸುವ ಜೀನ್‌ಗಳೆಲ್ಲ ಪಟ್ಟಿಯಿಂದ ಬಿದ್ದುಹೋಗಿದ್ದವು. ನಾನು ಕೆಳಗಿನ ಸಾಲುಗಳಿಗೆ ಇಳಿದೆ. ಅಲ್ಲಿ, ಮೊದಲ ಸಲ ದೊಡ್ಡ ವ್ಯತ್ಯಾಸಗಳ ನೆರಳಿನಲ್ಲಿ ನಾನು ಗಮನಿಸದೇ ಬಿಟ್ಟಿದ್ದ ಕೆಲವು ಜೀನ್‌ಗಳು ಇದ್ದವು. ರೋಗನಿರೋಧಕ ಕಣಗಳ ಕೆಲಸಕ್ಕೆ ಸಂಬಂಧಪಟ್ಟವು, ಒಂದು ಕೈಯ ಬೆರಳಿನಲ್ಲಿ ಎಣಿಸುವಷ್ಟು. ಊಟ ಮಾಡಿದರೂ ಮಾಡದಿದ್ದರೂ ಅವು ಅಲ್ಲಾಡಿರಲಿಲ್ಲ. ಕಾಯಿಲೆಯವರಲ್ಲಿ ಸ್ವಲ್ಪ ಹೆಚ್ಚು, ಆರೋಗ್ಯವಂತರಲ್ಲಿ ಸ್ವಲ್ಪ ಕಡಿಮೆ. ಸ್ವಲ್ಪವೇ.

“ಸಣ್ಣದು,” ಎಂದರು ಪ್ರೊಫೆಸರ್.

“ಸಣ್ಣದು. ಆದರೆ ಇದರ ಪರವಾಗಿ ನಾನು ಎಲ್ಲಿ ಬೇಕಾದರೂ ನಿಂತು ಮಾತಾಡಬಲ್ಲೆ,” ಎಂದೆ. ಹಾಗೆ ಹೇಳುವುದು ನನ್ನ ಅಭ್ಯಾಸವಲ್ಲ. ಅವರು ಹುಬ್ಬೇರಿಸಿದರು, ಬೇಡ ಎನ್ನಲಿಲ್ಲ.

ಶೀರ್ಷಿಕೆಯಿಂದ ‘ರೋಗಪತ್ತೆ’ ತೆಗೆದೆ. ಮೊದಲ ಫಲಿತಾಂಶವನ್ನು ತೆಗೆಯಲಿಲ್ಲ. ಅದು ಹೇಗೆ ಬಂತು, ಯಾಕೆ ಅಷ್ಟು ನಂಬುವಂತಿತ್ತು, ಎಲ್ಲಿ ತಪ್ಪಿತು ಎಂದು ಒಂದು ಇಡೀ ಅಧ್ಯಾಯ ಬರೆದೆ.

ಥೀಸಿಸ್ ಸಮರ್ಥಿಸುವ ದಿನ ಸಮಿತಿಯಲ್ಲಿದ್ದ ಹೊರಗಿನ ಪರೀಕ್ಷಕರು ಆ ಅಧ್ಯಾಯವನ್ನೇ ತೆರೆದರು. ಗಟ್ಟಿ ಪ್ರಶ್ನೆಗಳಿಗೆ ಹೆಸರಾದವರು.

“ಎರಡನೆಯ ಅಧ್ಯಾಯ ಪೂರ್ತಿ ತಪ್ಪು. ಅದನ್ನು ಯಾಕೆ ಇಟ್ಟುಕೊಂಡಿದ್ದೀರಿ?”

“ಅಳತೆ ತಪ್ಪಾಗಿರಲಿಲ್ಲ. ಆ ರಕ್ತ ಹಸಿವಿನ ಬಗ್ಗೆ ಸರಿಯಾದದ್ದನ್ನೇ ಹೇಳುತ್ತಿತ್ತು. ಅದನ್ನು ಕಾಯಿಲೆ ಎಂದು ಓದಿದ್ದು ನಾನು. ಇನ್ನೊಬ್ಬರು ಹಾಗೆ ಓದಬಾರದು ಎಂದು ಇಟ್ಟಿದ್ದೇನೆ.”

“ನಾಲ್ಕನೆಯ ಅಧ್ಯಾಯದ ನಿಮ್ಮ ಜೀನ್‌ಗಳು. ನಾಳೆ ಒಬ್ಬ ರೋಗಿಯ ರಕ್ತ ಕಳಿಸಿದರೆ ಅವರಿಗೆ ಆಲ್‌ಝೈಮರ್ಸ್ ಇದೆಯೋ ಇಲ್ಲವೋ ನೀವು ಹೇಳಬಲ್ಲಿರಾ?”

“ಇಲ್ಲ. ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ವ್ಯತ್ಯಾಸವಿದೆ ಎಂದು ಹೇಳಬಲ್ಲೆ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳುವಷ್ಟು ಬಲ ಇದಕ್ಕಿಲ್ಲ. ಬೇರೆ ಊರುಗಳಲ್ಲಿ, ಬೇರೆ ಜನರ ಮೇಲೆ ಇದನ್ನು ಮತ್ತೆ ನೋಡಬೇಕು. ಅವರೆಲ್ಲ ಏನು ತಿಂದಿದ್ದರು ಎಂದು ಬರೆದುಕೊಂಡು.”

ಅವರು ಥೀಸಿಸ್‌ನ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು, ಪುಸ್ತಕ ಮುಚ್ಚಿದರು. “ನನ್ನ ಪ್ರಶ್ನೆಗಳು ಮುಗಿದವು,” ಎಂದರು.